ಶೆರ್ರಿ ಪೀಪಾಯಿ ಎಂದರೆ ಸಾಲದು, ಎಷ್ಟು ತಿಂಗಳು ಎಂದೂ ಹೇಳಬೇಕು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಭಾರತದ ಸಿಂಗಲ್ ಮಾಲ್ಟ್ ವಿಸ್ಕಿಗಳ, ಅಂದರೆ ಒಂದೇ ಕಾರ್ಖಾನೆಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ತಯಾರಾದ ವಿಸ್ಕಿಗಳ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮದ್ಯವೆಂದರೆ ಅಬಕಾರಿ ದಾಳಿ ಮತ್ತು ಸುಂಕದ ಸುದ್ದಿಗಳಿಗಷ್ಟೇ ಮೀಸಲಾಗಿರುವಾಗ, ಅದನ್ನು ಒಂದು ಕಸುಬಿನ ಫಲವೆಂದು ನೋಡಿ ಬರೆಯಿಸಿದ್ದಕ್ಕಾಗಿ ನಾನು ಕೃತಜ್ಞ. ಆದರೆ ಪೀಟ್ ಎಂಬ ಜೌಗುಮಣ್ಣಿನ ಹೊಗೆಯ ವಿಸ್ಕಿಯನ್ನು, ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಮಾಗಿಸುವ ಕುರಿತು ಅಲ್ಲಿ ಬಂದಿರುವ ಕೆಲವು ಮಾತುಗಳು ವಾಸ್ತವಕ್ಕೆ ದೂರವಾಗಿವೆ. ಹೊಗೆಯ ವಾಸನೆ ಸುಟ್ಟ ಪೀಪಾಯಿಯಿಂದ ಬರುತ್ತದೆ ಎಂದೂ, ಬಣ್ಣ ಗಾಢವಾದಷ್ಟೂ ವಿಸ್ಕಿ ಹಳೆಯದು ಎಂದೂ, ವಯಸ್ಸನ್ನು ನಮೂದಿಸದ ನಮ್ಮ ದೇಶದ ಬಾಟಲಿಗಳು ಸ್ಕಾಟ್ಲೆಂಡಿನವುಗಳಿಗಿಂತ ಕೀಳು ಎಂದೂ ಲೇಖಕರು ಬರೆದಿದ್ದಾರೆ. ಮಡಗಾಂವಿನಲ್ಲಿ ಮದ್ಯದಂಗಡಿ ನಡೆಸುವ ನನ್ನ ಬಳಿಗೆ ಹುಬ್ಬಳ್ಳಿ, ಬೆಳಗಾವಿ, ಕಾರವಾರಗಳಿಂದ ಬರುವ ಗ್ರಾಹಕರು ಇವೇ ನಂಬಿಕೆಗಳನ್ನು ಹೊತ್ತು ಬಂದು, ಕಪಾಟಿನಲ್ಲಿ ಅತ್ಯಂತ ಕಪ್ಪಾಗಿ ಕಾಣುವ ಬಾಟಲಿಗೆ ಹೆಚ್ಚು ಹಣ ಕೊಡಲು ಸಿದ್ಧರಾಗುವುದನ್ನು ನಾನು ನೋಡುತ್ತಲೇ ಇರುವುದರಿಂದ ಈ ಪತ್ರ ಬರೆಯುವುದು ಅಗತ್ಯವೆನಿಸಿತು.

ಹೊಗೆ ಸೇರುವುದು ಪೀಪಾಯಿಯಲ್ಲಿ ಅಲ್ಲ, ಬಾರ್ಲಿಯಲ್ಲಿ. ನೆನೆಸಿ ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸುವ ಗೂಡಿನ ಕೆಳಗೆ ಪೀಟ್ ಉರಿಸಿದಾಗ, ಕಾಳಿನ ಮೇಲ್ಮೈ ಇನ್ನೂ ಹಸಿಯಾಗಿರುವ ಹೊತ್ತಿನಲ್ಲಿ, ಹೊಗೆಯಲ್ಲಿರುವ ಫೀನಾಲ್‌ಗಳು, ಅಂದರೆ ಗ್ವಾಯಕಾಲ್, ಕ್ರೆಸಾಲ್ ಮುಂತಾದ ಸಂಯುಕ್ತಗಳು, ಅದಕ್ಕೆ ಅಂಟಿಕೊಳ್ಳುತ್ತವೆ. ಪೀಟ್ ಎಂದರೆ ಜೌಗುನೆಲದಲ್ಲಿ ಪಾಚಿ, ಹುಲ್ಲು, ಹೀದರ್ ಗಿಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒತ್ತಿ ಕುಳಿತ ಮಣ್ಣು. ಇದು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಪೀಟಿನಲ್ಲಿ ಮರದ ಅಂಶ ಕಡಿಮೆಯಿರುವುದರಿಂದ ಅದರ ಹೊಗೆಗೆ ಔಷಧಿಯ, ಅಯೋಡಿನ್ನಿನ ಗುಣ ಹೆಚ್ಚು. ಆದ್ದರಿಂದಲೇ ಗೋವಾದ ಕುಂಕಳ್ಳಿಯಲ್ಲಿ ಪಾಲ್ ಜಾನ್ ವಿಸ್ಕಿ ತಯಾರಿಸುವವರು ಹೊಗೆಗಾಗಿ ಸ್ಕಾಟ್ಲೆಂಡಿನಿಂದ ಪೀಟನ್ನು ತರಿಸುತ್ತಾರೆ, ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು ಹೊಗೆಯಾಡಿಸಿದ ಬಾರ್ಲಿಯನ್ನೇ ಅಲ್ಲಿಂದ ತರಿಸುತ್ತಾರೆ. ಒಳಮೈ ಸುಟ್ಟ ಅಮೆರಿಕನ್ ಓಕ್ ಪೀಪಾಯಿ ಕೊಡುವುದು ಮುಖ್ಯವಾಗಿ ವೆನಿಲ್ಲಾ, ತೆಂಗಿನ ಕಾಯಿಯ ಪರಿಮಳ, ಕಾಸಿದ ಸಕ್ಕರೆಯ ಸವಿ. ಶೆರ್ರಿ ಪೀಪಾಯಿಗಳನ್ನಂತೂ ಸುಡುವುದಿಲ್ಲ, ಕಾಯಿಸುತ್ತಾರೆ ಅಷ್ಟೇ. ಹೊಗೆಯ ವಿಸ್ಕಿ ತುಂಬಿಟ್ಟಿದ್ದ ಹಳೆಯ ಪೀಪಾಯಿಗೆ ಹೊಗೆಯಿಲ್ಲದ ವಿಸ್ಕಿಯನ್ನು ಹಾಕಿದರೆ ತುಸು ವಾಸನೆ ಹತ್ತುವುದುಂಟು, ಆದರೆ ಅದೂ ಮೂಲದಲ್ಲಿ ಬಾರ್ಲಿಯ ಹೊಗೆಯೇ.

ಲೇಖನದಲ್ಲಿ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಫೀನಾಲ್ ಎಷ್ಟು ಪಾಲು) ಎಂಬ ಅಂಕಿಯನ್ನು ಹೊಗೆಯ ಅಳತೆಗೋಲು ಎಂಬಂತೆ ಬಳಸಲಾಗಿದೆ. ಈ ಅಂಕಿಯನ್ನು ಸಾಮಾನ್ಯವಾಗಿ ಅಳೆಯುವುದು ಮಾಲ್ಟಿನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಬಾಟಲಿಯೊಳಗಿನ ವಿಸ್ಕಿಯಲ್ಲಿ ಅಲ್ಲ. ಹಿಟ್ಟು ಕಲಸುವಾಗ, ಹುದುಗಿಸುವಾಗ, ಭಟ್ಟಿ ಇಳಿಸುವಾಗ ಫೀನಾಲ್‌ಗಳ ದೊಡ್ಡ ಪಾಲು ಹಿಂದೆ ಉಳಿಯುತ್ತದೆ. ಅವು ಭಟ್ಟಿಯ ಕೊನೆಯ ಭಾಗದಲ್ಲಿ ಹೆಚ್ಚಾಗಿ ಇಳಿಯುವುದರಿಂದ, ತಯಾರಕ ಯಾವ ಹೊತ್ತಿಗೆ ಸಂಗ್ರಹ ನಿಲ್ಲಿಸುತ್ತಾನೆ ಎಂಬುದರ ಮೇಲೆ ಹೊಗೆಯ ಪ್ರಮಾಣ ನಿಂತಿದೆ. ಐಲಾದ ಲಾಗವುಲಿನ್ ಮತ್ತು ಕಲ್ ಈಲಾ ಎಂಬ ಎರಡು ಕಾರ್ಖಾನೆಗಳು ಪೋರ್ಟ್ ಎಲೆನ್‌ನ ಒಂದೇ ಮಾಲ್ಟ್ ಕೇಂದ್ರದಿಂದ ಸುಮಾರು 35 ಪಿಪಿಎಂನ ಮಾಲ್ಟ್ ಪಡೆದರೂ ಮೊದಲಿನದು ಭಾರವಾಗಿ, ದಟ್ಟವಾಗಿ, ಎರಡನೆಯದು ಹಗುರವಾಗಿ, ಎಣ್ಣೆಯ ನುಣುಪಿನೊಂದಿಗೆ ಬರುತ್ತದೆ. ಪಿಪಿಎಂ ಅಂಕಿಯೊಂದನ್ನೇ ನೋಡಿ ಬಾಟಲಿ ಆರಿಸಿದವರಿಗೆ ಈ ವ್ಯತ್ಯಾಸದ ಸುಳಿವು ಸಿಗುವುದಿಲ್ಲ.

ಇನ್ನು ಶೆರ್ರಿ ಪೀಪಾಯಿಯ ವಿಷಯ. ಹೆಚ್ಚಿನ ಗೊಂದಲವಿರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶೆರ್ರಿ ಎಂಬುದು ದಕ್ಷಿಣ ಸ್ಪೇನಿನ ಹೆರೆಸ್ ಪಟ್ಟಣದ ಸುತ್ತಮುತ್ತ ಮಾತ್ರ ತಯಾರಾಗುವ, ದ್ರಾಕ್ಷಿಯ ಸಾರಾಯಿ ಸೇರಿಸಿ ಬಲಪಡಿಸಿದ ವೈನ್. ಅದರಲ್ಲಿ ಗಾಳಿಗೆ ಒಡ್ಡಿ ಮಾಗಿಸಿದ ಒಲೊರೊಸೊ ಒಂದು ಬಗೆ, ಬಿಸಿಲಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಪೆಡ್ರೊ ಹಿಮೆನೆಸ್ ಇನ್ನೊಂದು. ಒಲೊರೊಸೊ ಸಿಹಿ ವೈನ್ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸ್ವಭಾವತಃ ಸಿಹಿಯಿಲ್ಲದ ವೈನ್, ಸಿಹಿಯಾದದ್ದು ಎರಡನೆಯದು. ಹಿಂದೆ ಶೆರ್ರಿಯನ್ನು ಮರದ ಪೀಪಾಯಿಗಳಲ್ಲೇ ಹಡಗಿಗೆ ಏರಿಸಿ ಬ್ರಿಟನ್ನಿಗೆ ಕಳುಹಿಸುತ್ತಿದ್ದರು, ಅಲ್ಲಿ ಖಾಲಿಯಾದ ಪೀಪಾಯಿಗಳು ವಿಸ್ಕಿ ತಯಾರಕರಿಗೆ ಅಗ್ಗವಾಗಿ ದೊರೆಯುತ್ತಿದ್ದವು. 1980ರ ದಶಕದಲ್ಲಿ ಶೆರ್ರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬುವುದು ಕಡ್ಡಾಯವಾದ ಮೇಲೆ ಆ ದಾರಿ ಮುಚ್ಚಿತು. ಇಂದು ವಿಸ್ಕಿಗೆ ಬರುವ ಶೆರ್ರಿ ಪೀಪಾಯಿಗಳಲ್ಲಿ ಬಹುಪಾಲು ವಿಸ್ಕಿಗೆಂದೇ ಹೊಸದಾಗಿ ಕಟ್ಟಿ, ಒಂದೆರಡು ವರ್ಷ ಶೆರ್ರಿ ತುಂಬಿಟ್ಟು ಹದಗೊಳಿಸಿದವು. ಹದಗೊಳಿಸಲು ಬಳಸಿದ ವೈನ್ ಸಾಮಾನ್ಯವಾಗಿ ಕುಡಿಯುವ ಮೇಜಿಗೆ ಬರುವುದೇ ಇಲ್ಲ, ಅದು ವಿನೆಗರ್‌ಗೋ ಭಟ್ಟಿಗೋ ಹೋಗುತ್ತದೆ. ಹೀಗಿರುವಾಗ "ದಶಕಗಳ ಕಾಲ ಶೆರ್ರಿ ಕುಡಿದ ಪುರಾತನ ಪೀಪಾಯಿ" ಎಂಬ ಲೇಖನದ ವರ್ಣನೆ ಇವತ್ತಿನ ಬಾಟಲಿಗಳಿಗೆ ಹೊಂದುವುದಿಲ್ಲ. ಹೆರೆಸ್‌ನಲ್ಲಿ ಶೆರ್ರಿಯನ್ನು ಮಾಗಿಸುವ ನಿಜವಾದ ಹಳೆಯ ಪೀಪಾಯಿಗಳನ್ನು ಅವರು ಸುಲಭಕ್ಕೆ ಮಾರುವುದೂ ಇಲ್ಲ, ಅವುಗಳ ಮರದಲ್ಲಿ ವಿಸ್ಕಿಗೆ ಕೊಡಲು ಹೆಚ್ಚೇನೂ ಉಳಿದಿರುವುದೂ ಇಲ್ಲ.

ಇದರಿಂದ ಗೊತ್ತಾಗುವ ಸಂಗತಿಯೆಂದರೆ, ಶೆರ್ರಿ ಪೀಪಾಯಿಯ ರುಚಿಯೆಂದು ನಾವು ಕರೆಯುವುದರಲ್ಲಿ ವೈನಿನ ಪಾಲಿನಷ್ಟೇ ಮರದ ಪಾಲೂ ಇದೆ. ಯುರೋಪಿನ ಓಕ್ ಮರದಲ್ಲಿ ಒಗರು ಕೊಡುವ ಟ್ಯಾನಿನ್ ಹೆಚ್ಚು, ಅದರಿಂದ ಕೆಂಪುಗಂದು ಬಣ್ಣವೂ ಲವಂಗ, ಒಣದ್ರಾಕ್ಷಿ, ಅಕ್ರೋಟಿನ ಛಾಯೆಯೂ ಬರುತ್ತವೆ. ಅಮೆರಿಕನ್ ಓಕ್‌ನಿಂದ ಕಟ್ಟಿದ ಶೆರ್ರಿ ಪೀಪಾಯಿ ಇದಕ್ಕಿಂತ ಮೃದು. ಹೊಸ ಮರದ ಪೀಪಾಯಿಗೆ ಹಾಕಿದ ಎಳೆಯ ವಿಸ್ಕಿ ಕೆಲವೇ ವರ್ಷಗಳಲ್ಲಿ ಕಪ್ಪಾಗಬಲ್ಲದು, ಮೂರು ನಾಲ್ಕು ಬಾರಿ ಬಳಸಿ ಸೊರಗಿದ ಪೀಪಾಯಿಯಲ್ಲಿ ದೀರ್ಘಕಾಲ ಇದ್ದ ವಿಸ್ಕಿ ತೆಳು ಹಳದಿಯಾಗಿಯೇ ಉಳಿಯಬಲ್ಲದು. ಅದರ ಮೇಲೆ, ಸ್ಕಾಟ್ಲೆಂಡಿನ ಕಾನೂನೂ ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಸೇರಿಸಲು ಅವಕಾಶ ಕೊಡುತ್ತದೆ. ಬಾಟಲಿಯ ಹಿಂಬದಿಯ ಚೀಟಿಯಲ್ಲಿ 150ಎ ಎಂಬ ಸಂಖ್ಯೆ ಕಂಡರೆ ಅದು ಈ ಕ್ಯಾರಮೆಲ್‌ನ ಗುರುತು. ಇದು ಕಲಬೆರಕೆಯಲ್ಲ, ಅಪರಾಧವೂ ಅಲ್ಲ, ಆದರೆ ಬಣ್ಣ ನೋಡಿ ಬೆಲೆ ಕಟ್ಟುವವರು ತಿಳಿದಿರಬೇಕಾದ ವಿಷಯ.

ಹೊಗೆಯೂ ಶೆರ್ರಿಯೂ ಚೆನ್ನಾಗಿ ಕೂಡಿದಾಗ ಆಗುವ ಸೊಗಸನ್ನು ನಾನು ಕಡೆಗಣಿಸುತ್ತಿಲ್ಲ. ಇಡೀ ವಿಸ್ಕಿ ಜಗತ್ತಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಬಗೆ ಇದೇ. ಆಲೆಮನೆಯಲ್ಲಿ ಒಲೆಯ ಹೊಗೆಯೂ ಕುದಿಯುವ ಕಬ್ಬಿನ ಪಾಕದ ಘಮವೂ ಒಟ್ಟಿಗೆ ಮೂಗಿಗೆ ಬಡಿಯುವುದನ್ನು ಬಲ್ಲವರಿಗೆ ಆ ಕೂಡುವಿಕೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದನ್ನು ಸಾಧಿಸುವುದು ಕಷ್ಟ. ವರ್ಷ ಕಳೆದಂತೆ ವಿಸ್ಕಿಯ ಹೊಗೆ ಮೆತ್ತಗಾಗುತ್ತ ಹೋಗುತ್ತದೆ, ಮರದ ಮತ್ತು ಶೆರ್ರಿಯ ಪ್ರಭಾವ ಏರುತ್ತ ಹೋಗುತ್ತದೆ. ಎರಡೂ ಸಮಬಲದಲ್ಲಿರುವ ಅವಧಿ ಚಿಕ್ಕದು, ಅದನ್ನು ಹಿಡಿಯುವವನೇ ನಿಜವಾದ ಕಸುಬುದಾರ. ಇನ್ನೊಂದು ತೊಡಕೂ ಇದೆ. ಖಾಲಿ ಪೀಪಾಯಿಗಳು ಸಾಗಣೆಯಲ್ಲಿ ಬೂಸ್ಟು ಹಿಡಿಯದಿರಲೆಂದು ಅವುಗಳೊಳಗೆ ಗಂಧಕದ ಬತ್ತಿ ಉರಿಸುವ ಪದ್ಧತಿಯಿತ್ತು. ಅದರ ಶೇಷ ವಿಸ್ಕಿಗೆ ಇಳಿದರೆ ಗೀರಿದ ಬೆಂಕಿಕಡ್ಡಿಯ ವಾಸನೆ ಬರುತ್ತದೆ. ಪೀಟ್ ಹೊಗೆಯ ಪರಿಚಯವಿಲ್ಲದವರು ಈ ದೋಷವನ್ನೇ ಹೊಗೆಯೆಂದು ಭಾವಿಸಿ ಮೆಚ್ಚುವುದನ್ನೂ, ನಿಜವಾದ ಪೀಟ್ ಹೊಗೆಯನ್ನು ದೋಷವೆಂದು ಬಾಟಲಿ ಹಿಂತಿರುಗಿಸಲು ಬರುವುದನ್ನೂ ನಾನು ಕಂಡಿದ್ದೇನೆ.

ಈಗ ವಯಸ್ಸಿನ ಪ್ರಶ್ನೆ. ಸ್ಕಾಟ್ಲೆಂಡಿನ ತಂಪು ಗೋದಾಮುಗಳಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪ್ರತಿಶತ ವಿಸ್ಕಿ ಆವಿಯಾಗುತ್ತದೆ. ಗೋವಾದ ಸೆಖೆಯಲ್ಲಿ ಇದು ಸುಮಾರು 8 ಪ್ರತಿಶತ ಎಂದೂ, ಬೆಂಗಳೂರಿನಲ್ಲಿ ಅದಕ್ಕಿಂತಲೂ ಹೆಚ್ಚೆಂದೂ ತಯಾರಕರೇ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ, ಅಲ್ಲಿ 16 ವರ್ಷ ಇಟ್ಟ ಪೀಪಾಯಿಯಲ್ಲಿ ನಾಲ್ಕನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಆವಿಯಾಗಿರುತ್ತದೆ, ಇಲ್ಲಿ ಕೇವಲ 6 ವರ್ಷ ಇಟ್ಟ ಪೀಪಾಯಿಯಲ್ಲಿ ಐದರಲ್ಲಿ ಎರಡು ಪಾಲು ಹೋಗಿರುತ್ತದೆ. ಶಾಖದಲ್ಲಿ ವಿಸ್ಕಿ ಮರದೊಳಕ್ಕೆ ಬೇಗ ಇಳಿದು ಬೇಗ ಹೀರಿಕೊಳ್ಳುತ್ತದೆ. ಹೀಗಿರುವಾಗ ಅಲ್ಲಿನ ವರ್ಷಗಳಿಂದ ಇಲ್ಲಿನ ವಿಸ್ಕಿಯನ್ನು ತೂಗುವುದು ನ್ಯಾಯವಲ್ಲ. ಅದರಲ್ಲೂ ಟ್ಯಾನಿನ್ ತುಂಬಿದ ಹೊಸ ಶೆರ್ರಿ ಪೀಪಾಯಿಯಲ್ಲಿ ನಮ್ಮ ಹವೆಯಲ್ಲಿ ಹೊಗೆಯ ವಿಸ್ಕಿಯನ್ನು ಬಹುಕಾಲ ಬಿಟ್ಟರೆ ಹೊಗೆ ಮುಳುಗಿ, ಕಷಾಯದಂಥ ಒಗರು ಮಾತ್ರ ಮೇಲೇಳುವ ಅಪಾಯವಿದೆ. ಈ ಅಪಾಯವನ್ನು ಬಲ್ಲವರು ಮಾಡಿದ ಕೆಲಸಕ್ಕೆ ಅಮೃತ್‌ನ ಇಂಟರ್‌ಮೀಡಿಯೆಟ್ ಶೆರ್ರಿ ಒಳ್ಳೆಯ ಉದಾಹರಣೆ. ಅದು ಹೊಗೆಯ ವಿಸ್ಕಿ ಅಲ್ಲದಿದ್ದರೂ ಅದರ ವಿಧಾನ ಇಲ್ಲಿ ಪ್ರಸ್ತುತ: ಮೊದಲು ಬೇರೆ ಓಕ್ ಪೀಪಾಯಿಗಳಲ್ಲಿ ಮಾಗಿಸಿ, ನಡುವೆ ಸ್ವಲ್ಪ ಕಾಲ ಶೆರ್ರಿ ಪೀಪಾಯಿಗೆ ಹಾಕಿ, ಮತ್ತೆ ಅಮೆರಿಕದ ಬರ್ಬನ್ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಗೆ ತಂದು ಮುಗಿಸುತ್ತಾರೆ. 2004ರಲ್ಲಿ ಅಮೃತ್ ಗ್ಲಾಸ್ಗೋ ನಗರದಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದಾಗ, 2012ರಲ್ಲಿ ಪಾಲ್ ಜಾನ್ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದಾಗ, ಪಾಲ್ ಜಾನ್ ತಯಾರಾಗುವುದು ಗೋವಾದಲ್ಲಾದರೂ ಈ ಎರಡೂ ಕಂಪನಿಗಳ ನೆಲೆ ಬೆಂಗಳೂರು ಎಂಬುದನ್ನು ಕನ್ನಡಿಗರು ಅಷ್ಟಾಗಿ ಗಮನಿಸಲಿಲ್ಲ. 2023ರಲ್ಲಿ ಹರಿಯಾಣದ ಇಂದ್ರಿ ವಿಸ್ಕಿಯ ದೀಪಾವಳಿ ಆವೃತ್ತಿ ಅಮೆರಿಕದ ಸ್ಪರ್ಧೆಯೊಂದರಲ್ಲಿ ಅಗ್ರ ಪ್ರಶಸ್ತಿ ಪಡೆದಾಗ ಮಾತ್ರ ದೇಶವೆಲ್ಲ ಮಾತಾಡಿತು. ಅದು ಪೆಡ್ರೊ ಹಿಮೆನೆಸ್ ಶೆರ್ರಿ ಪೀಪಾಯಿಯಲ್ಲಿ ಮಾಗಿದ, ಪೀಟ್ ಹೊಗೆಯ ಸಿಂಗಲ್ ಮಾಲ್ಟ್ ಎಂಬುದು ಬಹುತೇಕ ವರದಿಗಳಲ್ಲಿ ಒಂದು ವಿಶೇಷಣವಾಗಿ ಮಾತ್ರ ಬಂದುಹೋಯಿತು.

ಆದ್ದರಿಂದ ಲೇಖಕರು ಕೇಳಿದಂತೆ "ಎಷ್ಟು ವರ್ಷ ಹಳೆಯದು" ಎಂದು ಕೇಳುವ ಬದಲು ನಮ್ಮ ತಯಾರಕರನ್ನು ಕೇಳಬೇಕಾದದ್ದು ಬೇರೆಯೇ ಇದೆ. ಚೀಟಿಯ ಮೇಲೆ "ಶೆರ್ರಿ ಕಾಸ್ಕ್" ಎಂದು ಬರೆದರೆ ವಿಸ್ಕಿ ಆರಂಭದಿಂದ ಕೊನೆಯವರೆಗೆ ಆ ಪೀಪಾಯಿಯಲ್ಲೇ ಇತ್ತೋ, ಕೊನೆಯ ಕೆಲವು ತಿಂಗಳು ಮಾತ್ರ ಇತ್ತೋ, ಇಲ್ಲವೇ ಬೇರೆ ಪೀಪಾಯಿಗಳ ವಿಸ್ಕಿಯೊಂದಿಗೆ ಅದರ ಒಂದು ಪಾಲನ್ನು ಬೆರೆಸಲಾಯಿತೋ ಎಂಬುದು ಗ್ರಾಹಕನಿಗೆ ತಿಳಿಯುವುದಿಲ್ಲ. ಮೂರಕ್ಕೂ ರುಚಿ ಬೇರೆ, ತಯಾರಿಕೆಯ ಖರ್ಚೂ ಬೇರೆ, ಆದರೆ ಕಪಾಟಿನಲ್ಲಿ ಮೂರಕ್ಕೂ ಒಂದೇ ಪದ ಮತ್ತು ಕೆಲವೊಮ್ಮೆ ಒಂದೇ ಬೆಲೆ. ಯಾವ ಶೆರ್ರಿ, ಯಾವ ಓಕ್, ಎಷ್ಟು ತಿಂಗಳು, ಮಾಲ್ಟಿನಲ್ಲಿ ಎಷ್ಟು ಪಾಲು ಹೊಗೆಯದು ಎಂಬ ನಾಲ್ಕು ಮಾತುಗಳಿಗೆ ಹಿಂಬದಿಯ ಚೀಟಿಯಲ್ಲಿ ಜಾಗವಿದ್ದೇ ಇದೆ. ಈಗ ಆ ಜಾಗವನ್ನು ತುಂಬಿರುವುದು ಕಡಲ ಗಾಳಿಯ, ಪರಂಪರೆಯ ವರ್ಣನೆಗಳು.

ಸ್ಕಾಟ್ಲೆಂಡಿನವರೇ ಇದನ್ನೆಲ್ಲ ಹೇಳುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿ ಹೇಳಲು ಹೊರಟವರಿಗೂ ಅಡ್ಡಿಯಾಯಿತು ಎಂಬುದು ನಿಜ. ಕಂಪಾಸ್ ಬಾಕ್ಸ್ ಎಂಬ ಕಂಪನಿ 2015ರಲ್ಲಿ ತನ್ನ ಮಿಶ್ರಣದಲ್ಲಿರುವ ಪ್ರತಿಯೊಂದು ವಿಸ್ಕಿಯ ವಯಸ್ಸನ್ನು ಬಹಿರಂಗಪಡಿಸಿದಾಗ, ಅತ್ಯಂತ ಎಳೆಯದರ ವಯಸ್ಸನ್ನು ಮಾತ್ರ ಹೇಳಬಹುದೆಂಬ ನಿಯಮಕ್ಕೆ ಅದು ವಿರುದ್ಧವೆಂಬ ಆಕ್ಷೇಪ ಎದುರಾಯಿತು, ಮರುವರ್ಷ ಆ ಕಂಪನಿ ನಿಯಮ ಬದಲಾಯಿಸುವಂತೆ ಅಭಿಯಾನವನ್ನೇ ಆರಂಭಿಸಿತು. ಆದರೆ ಆ ನಿಯಮ ವಯಸ್ಸಿಗೆ ಸಂಬಂಧಿಸಿದ್ದು, ನಾನು ಕೇಳುತ್ತಿರುವುದು ಪೀಪಾಯಿಯ ವಿವರ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಹೊರಡಿಸಿ 2019ರ ಏಪ್ರಿಲ್ 1ರಿಂದ ಜಾರಿಗೆ ತಂದ ಮದ್ಯ ಪಾನೀಯಗಳ ನಿಯಮಾವಳಿಯು ಸಿಂಗಲ್ ಮಾಲ್ಟ್ ಎಂದರೇನು ಎಂಬುದನ್ನು ವ್ಯಾಖ್ಯಾನಿಸಿ, ಆರೋಗ್ಯದ ಎಚ್ಚರಿಕೆಯನ್ನೂ ಕಡ್ಡಾಯಗೊಳಿಸಿ ಒಳ್ಳೆಯ ಹೆಜ್ಜೆ ಇಟ್ಟಿದೆ. ಪೀಪಾಯಿಯ ಹೆಸರು ಹೇಳಿ ಮಾರುವವರು ಅದರಲ್ಲಿ ಕಳೆದ ಅವಧಿಯನ್ನೂ ಹೇಳಬೇಕೆಂಬ ಒಂದು ವಾಕ್ಯವನ್ನು ಅದಕ್ಕೆ ಸೇರಿಸಿದರೆ ಪ್ರಾಮಾಣಿಕ ತಯಾರಕನಿಗೆ ನಷ್ಟವಿಲ್ಲ. 2025ರ ಜುಲೈ 24ರಂದು ಸಹಿಯಾದ ಭಾರತ ಮತ್ತು ಬ್ರಿಟನ್ ನಡುವಿನ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ 150 ಪ್ರತಿಶತ ಆಮದು ಸುಂಕ ಮೊದಲು 75ಕ್ಕೂ, ಹತ್ತನೆಯ ವರ್ಷದ ಹೊತ್ತಿಗೆ 40ಕ್ಕೂ ಇಳಿಯಲಿದೆ. ಐಲಾದ ಶೆರ್ರಿ ಪೀಪಾಯಿಯ ವಿಸ್ಕಿಗಳು ಕುಂಕಳ್ಳಿಯ ಬಾಟಲಿಯ ಪಕ್ಕದಲ್ಲೇ ಈಗಿನದಕ್ಕಿಂತ ಕಡಿಮೆ ಬೆಲೆಗೆ ನಿಲ್ಲುವ ದಿನ ದೂರವಿಲ್ಲ. ಆಗ ವಯಸ್ಸಿನ ಸಂಖ್ಯೆಯಿಲ್ಲದ ನಮ್ಮ ಬಾಟಲಿಯ ಪರವಾಗಿ ನನ್ನಂಥ ಅಂಗಡಿಯವನು ಏನಾದರೂ ಹೇಳಬೇಕೆಂದರೆ ಚೀಟಿಯ ಮೇಲೆ ಆ ವಿವರ ಇರಬೇಕು.

ಈ ವಿಷಯದ ಮೇಲೆ ನೀವು ಇನ್ನೊಂದು ಲೇಖನ ಬರೆಯಿಸುವುದಾದರೆ ವರದಿಗಾರರನ್ನು ಕುಂಕಳ್ಳಿಗೆ ಕಳುಹಿಸಿ ಎಂದು ಕೋರುತ್ತೇನೆ. ಮಡಗಾಂವ್ ರೈಲು ನಿಲ್ದಾಣದಿಂದ ಅದು ಬಹಳ ದೂರವಲ್ಲ, ಅಲ್ಲಿನ ಭಟ್ಟಿಯನ್ನು ಸಂದರ್ಶಕರು ನೋಡಲು ವ್ಯವಸ್ಥೆಯೂ ಇದೆ. ಪೀಪಾಯಿಗಳು ಹೆರೆಸ್‌ನಿಂದ ಯಾವ ಸ್ಥಿತಿಯಲ್ಲಿ ಬರುತ್ತವೆ, ಹೊಗೆಯ ವಿಸ್ಕಿಯನ್ನು ಅವುಗಳಿಗೆ ಎಷ್ಟನೇ ವರ್ಷದಲ್ಲಿ ಹಾಕುತ್ತಾರೆ, ಯಾವ ಗುರುತು ಕಂಡು ಹೊರತೆಗೆಯುತ್ತಾರೆ ಎಂಬ ಪ್ರಶ್ನೆಗಳನ್ನು ಅಲ್ಲಿಯವರಿಗೆ ನೇರವಾಗಿ ಕೇಳಿ, ಬಂದ ಉತ್ತರವನ್ನು ನಿಮ್ಮ ಓದುಗರ ಮುಂದಿಡಬೇಕೆಂದು ವಿನಂತಿ.

ಇತಿ,
ಒಬ್ಬ ಓದುಗ,
ಮಡಗಾಂವ್, ಗೋವಾ