ಯುದ್ಧದಲ್ಲಿ ಅಡಿಗೆ ಮಾಡಿದ್ದು ಯಾರು? (ಮಗಳಿಗೊಂದು ಪತ್ರ)

ಪ್ರೀತಿಯ ಮಗಳೇ,

ಮೊನ್ನೆ ಫೋನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಹೇಳ್ಲಿಲ್ಲ, ನಕ್ಕು ಬಿಟ್ಟೆ. ತರಕಾರಿ ಕೊಚ್ಚುವಾಗ ಬೆರಳು ತಾಗಿ ಎರಡು ಹನಿ ರಕ್ತ ಬಂದ್ರೆ ತಲೆ ತಿರುಗುವ ಜನ ನೀನು, ಕಪಾಟು ತೆಗೆದ್ರೆ ಬರೀ ಯುದ್ಧದ ಪುಸ್ತಕ, ಇದೆಂತ ಮರ್ಲು ಅಪ್ಪಾ ಅಂತ ಕೇಳಿದ್ದಿ. ಹಿಂದಿನಿಂದ ನಿನ್ನ ಅಮ್ಮ ಬೇರೆ ಹೌದು ಹೌದು ಹೇಳು ಅಂತ ಸೇರಿಸಿದ್ಳು. ಇವತ್ತು ನನಗೆ ಎಲ್ಲೂ ಅಡಿಗೆ ಕೆಲಸ ಇಲ್ಲ, ಮಳೆ ಬಿಡ್ತಾ ಇಲ್ಲ, ಕರೆಂಟೂ ಇಲ್ಲ, ಫೋನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಟೈಪ್ ಮಾಡ್ತೇನೆ, ತಪ್ಪಿದ್ರೆ ಸರಿ ಮಾಡಿ ಓದು ಮಾರಾಯ್ತಿ.

ಶುರುವಾದದ್ದು ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬೇಕಲ ಕೋಟೆಯಲ್ಲಿ. ನಾನು ಆರನೇ ಕ್ಲಾಸು, ಶಾಲೆಯಿಂದ ಕರ್ಕೊಂಡು ಹೋಗಿದ್ರು. ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಆಮೇಲೆ ಹೈದರಾಲಿ ಟಿಪ್ಪು ಕೈಗೆ ಬಂತು, 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಹೋಯ್ತು ಅಂತೆಲ್ಲ ಮಾಷ್ಟ್ರು ಹೇಳ್ತಾ ಇದ್ರು. ಇದು ಮದ್ದಿನ ಮನೆ, ಇದು ಕೆರೆ, ಇದು ಬುರುಜು. ನಾನು ಕೇಳಿದೆ, ಸಾರ್ ಅಡಿಗೆ ಮನೆ ಎಲ್ಲಿ? ಎಲ್ಲರೂ ನಗಾಡಿದ್ರು. ಅಡಿಗೆ ಭಟ್ರ ಮಗ ಬೇರೆ ಎಂತ ಕೇಳ್ತಾನೆ ಅಂತ. ಮಾಷ್ಟ್ರಿಗೂ ಗೊತ್ತಿರಲಿಲ್ಲ. ಆದ್ರೆ ನನ್ನ ತಲೆಯಿಂದ ಅದು ಹೋಗ್ಲೇ ಇಲ್ಲ. ಇಷ್ಟು ದೊಡ್ಡ ಕೋಟೆಯೊಳಗೆ ಇದ್ದವರಿಗೆಲ್ಲ ದಿನಾ ಎರಡು ಹೊತ್ತು ಬೇಯಿಸಿ ಹಾಕಿದ್ದು ಯಾರು, ಸೌದೆ ಎಲ್ಲಿಂದ ಬಂತು, ಅಕ್ಕಿ ಮುಗಿದ ದಿನ ಎಂತ ಮಾಡಿದ್ರು.

ಅಲ್ಲಿಂದ ನಾನು ಯುದ್ಧದ ಪುಸ್ತಕ ಎಲ್ಲಿ ಸಿಕ್ಕಿದ್ರೂ ಬಿಡ್ಲಿಲ್ಲ. ನಮ್ಮ ಊರಿನ ಲೈಬ್ರರಿಯಲ್ಲಿ ಕನ್ನಡ ಪುಸ್ತಕ ಒಂದೇ ಕಪಾಟು, ಉಳಿದದ್ದೆಲ್ಲ ಮಲಯಾಳ. ಕನ್ನಡ ಮೀಡಿಯಂನ ನಾನು ಮಲಯಾಳ ಓದ್ಲಿಕ್ಕೆ ಕಲಿತದ್ದು ಎರಡರಿಂದ, ಒಂದು ಬಸ್ಸಿನ ಬೋರ್ಡು, ಇನ್ನೊಂದು ಎರಡನೇ ಮಹಾಯುದ್ಧ! ಸುಳ್ಳು ಹೇಳುವುದಿಲ್ಲ, ಮೊದಮೊದಲು ಖುಷಿಗೇ ಓದಿದ್ದು. 1971ರಲ್ಲಿ ಪಕ್ಕದ ಮನೆಯ ರೇಡಿಯೋದಲ್ಲಿ ಪಾಕಿಸ್ತಾನದ 93 ಸಾವಿರ ಜನ ಶರಣಾದ್ರು ಅಂತ ಬಂದಾಗ ತೋಟದಲ್ಲಿ ಅಡಿಕೆ ಸೋಗೆ ಎಳ್ಕೊಂಡು ಟ್ಯಾಂಕ್ ಅಂತ ಓಡಿದವ ನಾನು. ಈಗಲೂ ಬಾಣ ಹಾಕಿದ ಮ್ಯಾಪ್ ಕಂಡ್ರೆ ಕೈ ಅಲ್ಲೇ ನಿಲ್ತದೆ. ಆದ್ರೆ ನಿನ್ನ ಅಜ್ಜನ ಜೊತೆ ಅಡಿಗೆಗೆ ಹೋಗ್ಲಿಕ್ಕೆ ಶುರು ಮಾಡಿದ ಮೇಲೆ ಓದುವ ಕ್ರಮವೇ ಬದಲಾಯ್ತು. ಪುಸ್ತಕದಲ್ಲಿ ಜನರಲ್ ಹೆಸರು ಬಂದ್ರೆ ಬೇಗ ಬೇಗ ದಾಟಿಸ್ತೇನೆ, ಎತ್ತು, ಅಕ್ಕಿ, ಉಪ್ಪು ಅಂತ ಬಂದ್ರೆ ನಿಧಾನ.

ಕಾರ್ನ್‌ವಾಲಿಸ್ ಅಂತ ಬ್ರಿಟಿಷರ ಗವರ್ನರ್ ಜನರಲ್ 1791ರ ಮೇ ತಿಂಗಳಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಗೊತ್ತುಂಟಾ. ಅರಕೆರೆ ಹತ್ರ ಯುದ್ಧ ಗೆದ್ದೂ ಆಗಿತ್ತು. ಆದ್ರೆ ಟಿಪ್ಪುವಿನ ಕುದುರೆ ಸವಾರರು ದಾರಿಯಲ್ಲಿದ್ದ ಮೇವು ಧಾನ್ಯ ಎಲ್ಲ ಸುಟ್ಟು ಹಾಕಿದ್ರು, ಮಳೆ ಹಿಡೀತು, ಎತ್ತುಗಳು ಸಾವಿರಗಟ್ಟಲೆ ಸತ್ತವು. ಎತ್ತಿಲ್ಲದೆ ಫಿರಂಗಿ ಎಳೆಯುವುದು ಯಾರು? ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಒಡೆದು ಹಾಕಿ ವಾಪಸ್ ಹೊರಟ. ಮೇಲುಕೋಟೆ ಹತ್ರ ಬರುವಾಗ ಎದುರಿಗೆ ಮರಾಠರ ಸೈನ್ಯ ಸಿಕ್ತು, ಅವರ ಹತ್ರ ಬೇಕಾದಷ್ಟು ಧಾನ್ಯ ಇತ್ತು! ಕೆಲವು ದಿನ ಮೊದಲೇ ಬಂದಿದ್ರೆ ಕತೆಯೇ ಬೇರೆ ಆಗ್ತಿತ್ತೋ ಏನೋ. ಮುಂದಿನ ವರ್ಷ ಬರುವಾಗ ಕಾರ್ನ್‌ವಾಲಿಸ್ ಲಂಬಾಣಿಗಳ ಎತ್ತಿನ ಹಿಂಡಿನ ಮೇಲೆ ಧಾನ್ಯ ಹೇರಿಸಿಕೊಂಡೇ ಬಂದದ್ದು, ಆಗ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಎರಡು ಮಕ್ಕಳು, ಎಲ್ಲ ಒಪ್ಪಿಸಬೇಕಾಯ್ತು. ಶಾಲೆ ಪುಸ್ತಕದಲ್ಲಿ ಮಕ್ಕಳನ್ನ ಒತ್ತೆ ಇಟ್ಟ ಚಿತ್ರ ಉಂಟು, ಆ ಎತ್ತುಗಳ ಚಿತ್ರ ನಾನು ನೋಡ್ಲಿಲ್ಲ.

ಇದು ಓದುವಾಗೆಲ್ಲ ನನಗೆ ಒಂದು ಉಪನಯನ ನೆನಪಾಗ್ತದೆ, ನೀನು ಆಗ ಚಿಕ್ಕವಳು. 400 ಜನ ಅಂತ ಹೇಳಿದ್ರು, ಹನ್ನೊಂದೂವರೆಗೆ ನೋಡುವಾಗ ಅಂಗಳದಲ್ಲೇ 500 ದಾಟಿತ್ತು, ಒಟ್ಟು 650 ಎಲೆ ಬಿದ್ದಿತ್ತು ಅವತ್ತು. ನೂರು ಜನಕ್ಕೆ ಹತ್ತು ಕಿಲೋ ಅಕ್ಕಿ ನನ್ನ ಲೆಕ್ಕ. ಎರಡನೇ ಹಂತಿ ಏಳುವಾಗ ಕೊಪ್ಪರಿಗೆಯ ತಳ ಕಾಣ್ತಾ ಇತ್ತು. ಸಾರಿಗೆ ನೀರು ಸೇರಿಸಿ, ಉಗ್ರಾಣದಲ್ಲಿ ಸಿಕ್ಕಿದ ಸೌತೆಕಾಯಿ ಕೊಚ್ಚಿ ಇನ್ನೊಂದು ಸಾಂಬಾರು ಇಟ್ಟು, ಮೂರು ಮನೆಯಿಂದ ಅಕ್ಕಿ ತರಿಸಿ ಹೇಗೋ ಮರ್ಯಾದೆ ಉಳಿಸಿದ್ದು. ಅಂಗಳದಲ್ಲಿ ಕೂತವರಿಗೆ ಎಂತದೂ ಗೊತ್ತಾಗ್ಲಿಲ್ಲ. ನನ್ನ ಕೈ ಮಾತ್ರ ರಾತ್ರಿವರೆಗೆ ನಡುಗ್ತಾ ಇತ್ತು, ನೆಂಟರು ಹಸಿದು ಹೋಗುವುದು ಬರೀ ಒಂದು ಮಧ್ಯಾಹ್ನ ಆದ್ರೂ.

ಕೂಟ್ ಅಂತ ಒಂದು ಊರು, ಈಗಿನ ಇರಾಕಿನಲ್ಲಿ. 1915 ಡಿಸೆಂಬರಿನಿಂದ 147 ದಿನ ತುರ್ಕರು ಮುತ್ತಿಗೆ ಹಾಕಿದ್ರು, ಒಳಗೆ ಬ್ರಿಟಿಷರ ಸೈನ್ಯ, ಅದರಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಅಕ್ಕಿ, ಹಿಟ್ಟು ಎಲ್ಲ ಮುಗೀತಾ ಬಂದ ಹಾಗೆ ಕುದುರೆ ಕಡಿಯಲಿಕ್ಕೆ ಶುರು ಮಾಡಿದ್ರು, ಭಾರತದ ಸಿಪಾಯಿಗಳು ತುಂಬ ಜನ ಮುಟ್ಲಿಲ್ಲ. ತಿಂದ್ರೆ ತಪ್ಪಿಲ್ಲ ಅಂತ ಇಲ್ಲಿಂದ ಧರ್ಮಗುರುಗಳ ಸಂದೇಶ ಹೋಯ್ತು, ಆದ್ರೂ ಊರಿಗೆ ಹೋದ ಮೇಲೆ ಜಾತಿಯವರು ಎಂತ ಹೇಳ್ತಾರೋ ಅಂತ ಹೆದರಿಕೆ. ಇನ್ನೊಂದು ವಿಚಿತ್ರ ಕೇಳು. ಬಿಳಿ ಮೈದಾ ಬ್ರೆಡ್ ತಿಂದ ಗೋರಾಗಳಿಗೆ ತೌಡಲ್ಲಿರುವ ವಿಟಮಿನ್ ಸಿಗದೆ ಬರುವ ಬೆರಿಬೆರಿ ರೋಗ, ತೌಡು ಇದ್ದ ಆಟಾ ತಿಂದ ನಮ್ಮವರಿಗೆ ಅದು ಇಲ್ಲ, ಆದ್ರೆ ತರಕಾರಿಯೂ ಇಲ್ಲ ಮಾಂಸವೂ ಇಲ್ಲದ ಕಾರಣ ವಸಡಲ್ಲಿ ರಕ್ತ ಬರುವ ಸ್ಕರ್ವಿ. ಏಪ್ರಿಲ್ 29ಕ್ಕೆ ಸುಮಾರು 13 ಸಾವಿರ ಜನ ಶರಣಾದ್ರು. ಅದಕ್ಕೂ ಮೊದಲು ರಷ್ಯಾ ಜಪಾನ್ ಯುದ್ಧದಲ್ಲಿ, 1904-05, ಜಪಾನಿನ ಸೈನ್ಯದಲ್ಲಿ ಬೆರಿಬೆರಿಗೇ 20 ಸಾವಿರಕ್ಕಿಂತ ಹೆಚ್ಚು ಜನ ಸತ್ತದ್ದು, ಕಾರಣ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ. ಅವರ ನೌಕಾಪಡೆಯವರು ಅಕ್ಕಿಗೆ ಬಾರ್ಲಿ ಸೇರಿಸಿ ಆ ರೋಗ ನಿಲ್ಲಿಸಿ ಇಪ್ಪತ್ತು ವರ್ಷ ಹತ್ರ ಆಗಿತ್ತು, ಭೂಸೇನೆಯ ದೊಡ್ಡ ದೊಡ್ಡ ಡಾಕ್ಟ್ರುಗಳು ನಂಬ್ಲಿಲ್ಲ ಅಷ್ಟೆ. ನೀನು ಬೆಂಗಳೂರಿಗೆ ಹೋದ ಮೇಲೆ ಕುಚ್ಚಲಕ್ಕಿ ಬೇಡ ಹೇಳ್ತಿಯಲ್ಲ, ಅದಕ್ಕೇ ಇದನ್ನ ಉದ್ದ ಬರೆದದ್ದು.

ಇಂಫಾಲ ಕೊಹಿಮಾ ಕತೆಯನ್ನ ನಾಲ್ಕು ಸಲ ಓದಿದ್ದೇನೆ. 1944ರಲ್ಲಿ ಮುತಾಗುಚಿ ಅಂತ ಒಬ್ಬ ಜಪಾನಿ ಜನರಲ್ ಬರ್ಮಾದಿಂದ ಗುಡ್ಡ ಹತ್ತಿಸಿ 80 ಸಾವಿರಕ್ಕೂ ಮೇಲೆ ಜನರನ್ನ ಕಳಿಸಿದ, ಮೂರು ವಾರದ ಊಟ ಕೊಟ್ಟು. ಮೂರು ವಾರದಲ್ಲಿ ಇಂಫಾಲ ಹಿಡಿದು ಬ್ರಿಟಿಷರ ಉಗ್ರಾಣದಲ್ಲೇ ಉಣ್ಣಬಹುದು ಅಂತ ಲೆಕ್ಕ, ಜೊತೆಗೆ ದನ ಹೊಡ್ಕೊಂಡು ಹೋದ್ರೆ ಸಾಮಾನೂ ಹೊರ್ತದೆ ತಿನ್ಲಿಕ್ಕೂ ಆಗ್ತದೆ ಅಂತ. ಎಷ್ಟೋ ದನಗಳು ಚಿಂದ್ವಿನ್ ನದಿ ದಾಟುವಾಗಲೇ ಹೋದವು. ಇಂಫಾಲದ ಒಳಗಿದ್ದವರಿಗೆ ವಿಮಾನದಲ್ಲಿ ಅಕ್ಕಿ ಬೇಳೆ ಬರ್ತಾ ಇತ್ತು, ಹೊರಗೆ ಮುತ್ತಿಗೆ ಹಾಕಿದವರು ಹುಲ್ಲು ಬೇರು ತಿಂತಾ ಇದ್ರು. ಕೊನೆಗೆ ಕೊಹಿಮಾದಲ್ಲಿದ್ದ ಸಾತೋ ಅನ್ನುವ ಜನರಲ್ ಮೇಲಿನವರ ಆರ್ಡರ್ ಮೀರಿ ತನ್ನ ಜನರನ್ನ ವಾಪಸ್ ಕರ್ಕೊಂಡು ಹೊರಟ, ಅವನ ಕೆಲಸ ತೆಗೆದ್ರು. ಸತ್ತ ಜಪಾನಿಯರು ಸುಮಾರು 30 ಸಾವಿರ, ಹೆಚ್ಚಿನವರು ಗುಂಡಿಗಲ್ಲ, ಹಸಿವು ಮತ್ತೆ ಜ್ವರಕ್ಕೆ. ಊಟ ಎದುರಿನವರ ಮನೆಯಲ್ಲಿ ಸಿಕ್ತದೆ ಅಂತ ಹೊರಟ ಆ ಮುತಾಗುಚಿ ಜೊತೆ ಯಾರಾದ್ರೂ ಒಬ್ಬ ಅಡಿಗೆಯವ ಮಾತಾಡಿದ್ರೆ ಸಾಕಿತ್ತು ಅಂತ ಕಾಣ್ತದೆ ನನಗೆ.

ಒಂದು ಸಲ ರಷ್ಯಾದ ಲೆನಿನ್‌ಗ್ರಾಡಿನ ಸುತ್ತ ಜರ್ಮನರು ಹಾಕಿದ ಮುತ್ತಿಗೆಯ ಕತೆ ಓದ್ತಾ ಇದ್ದೆ. 1941ರ ನವೆಂಬರಿನಲ್ಲಿ ಮಕ್ಕಳಿಗೆ ಮತ್ತೆ ಮನೆಯಲ್ಲಿರುವವರಿಗೆ ದಿನಕ್ಕೆ 125 ಗ್ರಾಂ ಬ್ರೆಡ್ ಅಂತ ಇತ್ತು. ಎದ್ದು ಹೋಗಿ ತೂಕದ ಮೆಷಿನಲ್ಲಿ ಇಟ್ಟು ನೋಡಿದೆ, ನಮ್ಮ ಅಂಗಡಿ ಬ್ರೆಡ್ ನಾಲ್ಕೈದು ತುಂಡು. ಅವರದ್ದು ಎಂತೆಂತದೋ ಸೇರಿಸಿದ ಒದ್ದೆ ಭಾರದ ಬ್ರೆಡ್ ಅಂತೆ, ಇನ್ನೂ ಸಣ್ಣ ತುಂಡು. ನಾನು ಅದನ್ನೇ ನೋಡ್ತಾ ಕೂತಿದ್ದೆ, ಅಷ್ಟರಲ್ಲಿ ನಿನ್ನ ಅಮ್ಮ ಬಂದು ಚಾ ಜೊತೆ ತಿಂದು ಮುಗಿಸಿದ್ಳು.

ಆದ್ರೆ ಬಂಗಾಳದ್ದು ಮಾತ್ರ ಓದಿ ಮುಗಿಸ್ಲಿಕ್ಕೆ ಕಷ್ಟ ಆಯ್ತು ಮಗಳೇ. ಬರ್ಮಾ 1942ರಲ್ಲಿ ಜಪಾನಿನ ಕೈಗೆ ಹೋಯ್ತು, ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಿತು. ಜಪಾನಿಗೆ ಸಿಗಬಾರದು ಅಂತ ಸರ್ಕಾರದವರೇ ಬಂಗಾಳದ ಕರಾವಳಿಯಿಂದ ಭತ್ತ ಸಾಗಿಸಿದ್ರು, ದೋಣಿಗಳನ್ನ ಕಿತ್ಕೊಂಡ್ರು. 1943-44ರಲ್ಲಿ 30 ಲಕ್ಷದಷ್ಟು ಜನ ಸತ್ತ್ರು ಅಂತ ಲೆಕ್ಕ. ಅಲ್ಲಿ ಕೋಟೆ ಇಲ್ಲ, ಮುತ್ತಿಗೆ ಇಲ್ಲ, ಸಿಪಾಯಿಗಳೂ ಅಲ್ಲ ಅವರು. ಪುಸ್ತಕ ಮಗುಚಿ ಇಟ್ಟು ಒಂದು ವಾರ ಮುಟ್ಲಿಲ್ಲ. ನಿನ್ನ ಅಜ್ಜಿ ಯುದ್ಧದ ಕಾಲ ಅಂತ ಹೇಳ್ತಿದ್ದದ್ದು ಆಗ ಅರ್ಥ ಆಯ್ತು. ಅಜ್ಜಿ ಹೇಳುವ ಯುದ್ಧದಲ್ಲಿ ಒಂದು ಬಂದೂಕು ಇರಲಿಲ್ಲ, ರೇಶನ್ ಅಕ್ಕಿ, ಗೆಣಸು, ಹಲಸಿನ ಬೇಳೆ ಬೇಯಿಸಿದ್ದು, ಮತ್ತೆ ಚಿಕ್ಕ ತಮ್ಮನಿಗೆ ಕೊಟ್ಟು ತಾನು ಗಂಜಿ ತೆಳಿ ಕುಡಿದದ್ದು, ಇಷ್ಟೇ. ಯಾವಾಗಲೂ ಅದನ್ನೇ ಹೇಳ್ತದೆ ಅಂತ ನಾವು ಮಕ್ಕಳು ಎದ್ದು ಓಡ್ತಿದ್ದೆವು. ನಾನೋ, ಯುದ್ಧ ಹುಡುಕಿಕೊಂಡು ಲೈಬ್ರರಿಗೆ ಹೋಗ್ತಿದ್ದೆ!

ಮಧೂರಿನ ಕತೆ ನಿನಗೆ ಗೊತ್ತುಂಟಲ್ಲ, ಟಿಪ್ಪು ದೇವಸ್ಥಾನ ಒಡೀಲಿಕ್ಕೆ ಬಂದವ ಬಾವಿ ನೀರು ಕುಡಿದು ಮನಸ್ಸು ಬದಲಾಯಿಸಿದ, ಕತ್ತಿಯ ಒಂದು ಗುರುತು ಮಾತ್ರ ಹಾಕಿ ಹೋದ ಅಂತ. ನಡೆದದ್ದೋ ಇಲ್ಲವೋ ದೇವರಿಗೆ ಗೊತ್ತು, ಆದ್ರೆ ಆ ಕತೆ ಮಾಡಿದವನಿಗೆ ಸೈನ್ಯದ ಬಾಯಾರಿಕೆ ಎಂತದು ಅಂತ ಗೊತ್ತಿತ್ತು.

ಚಾರ್ಜ್ 9 ಪರ್ಸೆಂಟ್ ತೋರಿಸ್ತಾ ಉಂಟು. ನವರಾತ್ರಿಗೆ ಬರುವಾಗ ನಾನು ಹೇಳಿದ ಬರ್ಮಾ ರೋಡಿನ ಪುಸ್ತಕ ಸಿಕ್ಕಿದ್ರೆ ತಾ, ಹಳೇದಾದ್ರೂ ಅಡ್ಡಿಲ್ಲ, ಮ್ಯಾಪ್ ಹರಿದಿರಬಾರದು. ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ತೆಗೆದಿಟ್ಟಿದ್ದೇನೆ. ನಾಳೆ ನೀರ್ಚಾಲಿನಲ್ಲಿ ಗೃಹಪ್ರವೇಶದ ಅಡಿಗೆ, ಮೂರು ಗಂಟೆಗೆ ಒಲೆ ಹೊತ್ತಿಸಬೇಕು. ಮನೆಯವರು 350 ಅಂತ ಹೇಳಿದ್ದಾರೆ. ನಾನು 420ಕ್ಕೆ ಅಕ್ಕಿ ತರಿಸಿದ್ದೇನೆ.

ನಿನ್ನ ಅಪ್ಪ