ಹಿರ್ತಾ ದ್ವೀಪ ಖಾಲಿಯಾದದ್ದು: ಮಗಳಿಗೊಂದು ಪತ್ರ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ಬರುವ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಗಳನ್ನು ನೋಡಲು ಹೊರಟಿರುವುದಾಗಿ ಬರೆದಿದ್ದೀಯೆ. ಅಲ್ಲಿಯ ಜನ ಊರನ್ನೇ ತೊರೆದದ್ದು ಏಕೆ ಎಂದೂ ಕೇಳಿದ್ದೀಯೆ. ಅಷ್ಟು ದೂರ, ಅಷ್ಟು ಗಾಳಿ, ಅಲ್ಲಿ ಬದುಕುವುದಾದರೂ ಹೇಗೆ ಎಂಬುದು ಎಲ್ಲರೂ ಕೊಡುವ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಅದೇ ದೂರದಲ್ಲಿ, ಅದೇ ಗಾಳಿಯ ನಡುವೆ ಮನುಷ್ಯರು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಳಿದ್ದಾರೆ.

ನಾರ್ತ್ ಯೂಯಿಸ್ಟ್ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಈ ದ್ವೀಪಗಳಿವೆ. ಕೋಟ್ಯಂತರ ವರ್ಷಗಳ ಹಿಂದಿನ ಒಂದು ಜ್ವಾಲಾಮುಖಿಯ ಅವಶೇಷಗಳಿವು. ಹಿರ್ತಾ ಇವುಗಳಲ್ಲಿ ದೊಡ್ಡದು. ಅಲ್ಲಿನ ಕೊನಾಕೇರ್ ಬೆಟ್ಟ 430 ಮೀಟರ್ ಎತ್ತರವಿದ್ದು, ಅದರ ಒಂದು ಮಗ್ಗುಲು ಕಡಿದಿಟ್ಟಂತೆ ನೇರವಾಗಿ ಕಡಲಿಗಿಳಿಯುತ್ತದೆ. ಮರಗಳಿಲ್ಲ. ಅಲೆಗಳ ಅಬ್ಬರದಿಂದಾಗಿ ಮೀನುಗಾರಿಕೆಯನ್ನೂ ನೆಚ್ಚಿಕೊಳ್ಳುವಂತಿರಲಿಲ್ಲ. ಆದ್ದರಿಂದ ಅವರ ಬೆಳೆ ಬಂಡೆಗಳ ಮೇಲಿತ್ತು: ಗ್ಯಾನೆಟ್, ಫುಲ್ಮರ್, ಪಫಿನ್ ಹಕ್ಕಿಗಳು ಮತ್ತು ಅವುಗಳ ಮೊಟ್ಟೆಗಳು. ಗಂಡಸರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬರಿಗಾಲಲ್ಲಿ ಆ ಪ್ರಪಾತಗಳಿಗೆ ಇಳಿಯುತ್ತಿದ್ದರು. ಹಕ್ಕಿಯ ಗರಿ, ಎಣ್ಣೆಗಳೇ ಸ್ಕೈ ದ್ವೀಪದ ಮ್ಯಾಕ್ಲೌಡ್ ಒಡೆಯರಿಗೆ ಸಲ್ಲುವ ಗೇಣಿಯೂ ಆಗಿದ್ದವು.

ಅಲ್ಲಿ ನೀನು ಮರೆಯದೆ ನೋಡಬೇಕಾದದ್ದು ಕ್ಲೀಟ್ ಎಂಬ ಕಲ್ಲಿನ ಗೂಡುಗಳನ್ನು. ಹಿರ್ತಾ ಒಂದರಲ್ಲೇ ಅವು 1,200ಕ್ಕೂ ಹೆಚ್ಚಿವೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ಮೇಲೆ ಚಪ್ಪಡಿ ಹಾಸಿ, ಅದಕ್ಕೆ ಹುಲ್ಲುಹೆಂಟೆ ಹೊದಿಸಿದ್ದಾರೆ. ಗೋಡೆಯ ಸಂದುಗಳಲ್ಲಿ ಗಾಳಿ ನುಗ್ಗುತ್ತದೆ, ಮಾಡು ಮಳೆಯನ್ನು ತಡೆಯುತ್ತದೆ; ಒಳಗಿಟ್ಟ ಹಕ್ಕಿಯ ಮಾಂಸ, ಮೊಟ್ಟೆ, ಹುಲ್ಲು, ಉರುವಲು ಕೆಡದೆ ಒಣಗುತ್ತವೆ. ಉಪ್ಪು ದುಬಾರಿಯಾಗಿದ್ದ ನಾಡಿನಲ್ಲಿ ಗಾಳಿಯನ್ನೇ ದುಡಿಸಿಕೊಂಡ ಈ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಅವರನ್ನು ಕುಗ್ಗಿಸಿದ್ದು ಹೊರಗಿನೊಡನೆ ಅರೆಬರೆಯಾಗಿ ಬೆಳೆದ ನಂಟು ಎಂದು ನನ್ನ ತಿಳಿವಳಿಕೆ. 1727ರಲ್ಲಿ ಸಿಡುಬು ಬಂದು ಊರಿನ ಬಹುಪಾಲು ಜನರನ್ನು ಒಯ್ದಿತು. ಹಕ್ಕಿ ಹಿಡಿಯಲೆಂದು ಸ್ಟಾಕ್ ಆನ್ ಆರ್ಮಿನ್ ಎಂಬ 196 ಮೀಟರ್ ಎತ್ತರದ ಕಡಲಬಂಡೆಗೆ ಹೋಗಿದ್ದ ಮೂವರು ಗಂಡಸರು ಮತ್ತು ಎಂಟು ಹುಡುಗರನ್ನು ಕರೆತರಲು ದೋಣಿ ನಡೆಸುವವರೇ ಊರಿನಲ್ಲಿ ಉಳಿದಿರಲಿಲ್ಲ. ಮರುವರ್ಷ ಒಡೆಯರ ಪಾರುಪತ್ಯಗಾರ ಬರುವವರೆಗೆ ಆ ಹನ್ನೊಂದು ಜನ ಚಳಿಗಾಲವನ್ನೆಲ್ಲ ಬಂಡೆಯ ಮೇಲೆಯೇ ಕಳೆದರು. ಆಮೇಲೆ ಬೇರೆ ದ್ವೀಪಗಳಿಂದ ಜನರನ್ನು ತಂದು ನೆಲೆಗೊಳಿಸಬೇಕಾಯಿತು. 1852ರಲ್ಲಿ 36 ಜನ ಆಸ್ಟ್ರೇಲಿಯಾಕ್ಕೆ ಹೊರಟರು, ಅನೇಕರು ಹಾದಿಯಲ್ಲೇ ತೀರಿಕೊಂಡರು. ನವಜಾತ ಶಿಶುಗಳು ಧನುರ್ವಾಯುವಿನಿಂದ ಒಂದರ ಹಿಂದೆ ಒಂದು ಸಾಯುತ್ತಿದ್ದವು. ಫಿಡೆಸ್ ಎಂಬ ಪಾದ್ರಿ ಹೆರಿಗೆಯಲ್ಲಿ ಶುಚಿತ್ವದ ಕ್ರಮಗಳನ್ನು ತಾನೇ ಕಲಿತುಬಂದು ಜಾರಿಗೆ ತಂದ ಮೇಲೆಯೇ, 1890ರ ದಶಕದಲ್ಲಿ, ಆ ಪಿಡುಗು ನಿಂತಿತು. ಎಷ್ಟು ತಾಯಂದಿರು ಅದಕ್ಕೆ ಮೊದಲು ಬರಿಗೈಯಾದರೋ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

1877ರ ಸುಮಾರಿಗೆ ಪ್ರವಾಸಿಗರ ಹಡಗುಗಳು ಬರತೊಡಗಿದವು. ಅವರೊಂದಿಗೆ ಹಣ ಬಂತು, ಕೊಳ್ಳುವ ಸಾಮಾನು ಬಂತು, ಹಡಗು ಬಂದಾಗಲೆಲ್ಲ ಊರಿಗೆ ಊರೇ ಮಲಗುವ ನೆಗಡಿಯೂ ಬಂತು. ಆದರೆ ಚಳಿಗಾಲದಲ್ಲಿ ಹಡಗಿಲ್ಲ, ವೈದ್ಯರಿಲ್ಲ, ಕಾಗದ ಕಳುಹಿಸುವ ದಾರಿಯಿಲ್ಲ. ಮರದ ತುಂಡನ್ನು ಕೊರೆದು, ಅದರೊಳಗೆ ಪತ್ರವಿಟ್ಟು, ಕುರಿಯ ಮೂತ್ರಕೋಶವನ್ನು ಊದಿ ಕಟ್ಟಿ ಕಡಲಿಗೆ ಬಿಡುತ್ತಿದ್ದರು. ಅಂಥ ಎಷ್ಟೋ ಪತ್ರಗಳು ಸ್ಕಾಟ್ಲೆಂಡಿನ ಕರಾವಳಿಯನ್ನೋ ನಾರ್ವೆಯನ್ನೋ ಸೇರಿದವು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯವರು ಬಂದು ನೆಲೆಸಿದ ಮೇಲೆ ಹೊರಗಿನ ಬದುಕನ್ನು ಹತ್ತಿರದಿಂದ ಕಂಡ ತರುಣರು, ಯುದ್ಧ ಮುಗಿದ ಬಳಿಕ, ಒಬ್ಬೊಬ್ಬರಾಗಿ ಊರು ಬಿಟ್ಟರು. ಹಗ್ಗ ಹಿಡಿಯಲು, ಹುಟ್ಟು ಹಾಕಲು ಬೇಕಾದಷ್ಟು ಗಟ್ಟಿ ಕೈಗಳಿಲ್ಲದೆ ಹೋದಾಗ ಉಳಿದವರ ಬಾಳು ಸಾಗುವಂತಿರಲಿಲ್ಲ. ತಮ್ಮನ್ನು ಸ್ಥಳಾಂತರಿಸಿ ಎಂದು 1930ರ ಮೇ ತಿಂಗಳಲ್ಲಿ ಅವರೇ ಸರ್ಕಾರಕ್ಕೆ ಅರ್ಜಿ ಬರೆದರು. ಆಗಸ್ಟ್ 29ರಂದು ಉಳಿದಿದ್ದ 36 ಜನ ಹೇರ್‌ಬೆಲ್ ಎಂಬ ನೌಕೆ ಹತ್ತಿದರು. ಮರವಿಲ್ಲದ ದ್ವೀಪದಿಂದ ಬಂದ ಗಂಡಸರಲ್ಲಿ ಹಲವರಿಗೆ ಸಿಕ್ಕಿದ್ದು ಅರಣ್ಯ ಇಲಾಖೆಯ ಕೆಲಸ.

ಅವರ ಹಿಂದೆಯೇ, ಮನೆಗಳನ್ನು ನೆಚ್ಚಿ ಬದುಕಿದ್ದ ಅಲ್ಲಿಯ ಮನೆಯಿಲಿಯ ತಳಿಯೂ ಕೆಲವೇ ವರ್ಷಗಳಲ್ಲಿ ನಾಮಾವಶೇಷವಾಯಿತು. ಸೋಯ್ ಕುರಿಗಳು ಮಾತ್ರ ಇಂದಿಗೂ ಕಾಡುಪ್ರಾಣಿಗಳಂತೆ ಹಿರ್ತಾದಲ್ಲಿ ಮೇಯುತ್ತಿವೆ, ವಿಜ್ಞಾನಿಗಳು 1985ರಿಂದ ಅವುಗಳನ್ನು ಬಿಡದೆ ಅಧ್ಯಯನ ಮಾಡುತ್ತಿದ್ದಾರೆ. ಕಡಲು ಕೆರಳಿದ್ದರೆ ದೋಣಿ ದಡ ಸೇರದೆ ಮರಳುವುದೂ ಉಂಟು, ಆದ್ದರಿಂದ ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗು. ಇಳಿಯಲು ಸಾಧ್ಯವಾದರೆ ಯಾವುದಾದರೊಂದು ಕ್ಲೀಟ್ ಪಕ್ಕದಲ್ಲಿ ನಿಂತು, ಅದರ ಬಾಗಿಲು ಯಾವ ದಿಕ್ಕಿಗಿದೆ, ಗಾಳಿ ಯಾವ ಕಡೆಯಿಂದ ಒಳಹೋಗುತ್ತದೆ ಎಂಬುದನ್ನು ಗಮನಿಸಿ ನನಗೆ ವಿವರವಾಗಿ ಬರೆ.

ಇಂತಿ,
ನಿನ್ನ ಅಮ್ಮ