ಹಸೀದು ಮುಗೀತ್ರಿ, ಹೂ ಬಿಟ್ಟೈತಿ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಸಂಘದ ಈ ಸಲದ ಸುದ್ದಿಪತ್ರ ಎರಡು ವಾರ ತಡ. ಕೆಲವರು ಫೋನ್ ಮಾಡಿದಿರಿ. ಒಬ್ಬರಂತೂ ಸಂಘ ಮುಚ್ಚಿಬಿಟ್ಟಿರಾ ಅಂತಲೇ ಕೇಳಿದರು. ಸಂಘ ಇದೆ. ಸಂಪಾದಕರು, ಅಂದರೆ ನಾನು, ಊರಿಗೆ, ಕೊಪ್ಪಳಕ್ಕೆ ಹೋಗಿದ್ದೆ, ಅಷ್ಟೇ. ಅಲ್ಲೇ ಕೂತು ಮುಗಿಸುತ್ತೇನೆ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಬ್ಯಾಗಿನಿಂದ ತೆಗೆಯಲೇ ಇಲ್ಲ.

ತಡವಾಗಿದ್ದಕ್ಕೆ ಕಾರಣ ಊಟ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು ಇಲ್ಲೇ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ದೀಪಾವಳಿ ಕಾರ್ಯಕ್ರಮಕ್ಕೆ ದುಡಿದವರಿಗೆ ಒಂದು ಒಳ್ಳೆ ಊಟ ಹಾಕಿಸೋಣ ಅಂತ ನವೆಂಬರ್ ಕೊನೆಗೆ ಒಂದು ಸಣ್ಣ ರೆಸ್ಟೋರೆಂಟಿಗೆ ಹೋಗಿದ್ದೆವು. ಎಂಟೇ ಟೇಬಲ್. ಕರಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆನು. ಯಾವ ತರಕಾರಿ ಯಾವ ತೋಟದ್ದು ಅಂತ ಅದರ ಪಕ್ಕದಲ್ಲೇ ಬರೆದಿದ್ದರು. ಈ ಥರದ ಊಟಕ್ಕೆ ಅಮೆರಿಕದಲ್ಲಿ ನಮ್ಮ ಈ ಕಡೆಯೇ ತವರುಮನೆ ಅನ್ನಬಹುದು. ಬರ್ಕ್‌ಲಿಯಲ್ಲಿ ಆಲಿಸ್ ವಾಟರ್ಸ್ 1971ರಲ್ಲಿ ಶೇ ಪನೀಸ್ ಅನ್ನೋ ಹೋಟೆಲ್ ಶುರು ಮಾಡಿದಾಗ ದಿನಕ್ಕೆ ಒಂದೇ ಅಡುಗೆ, ಅವತ್ತು ಏನಿದೆಯೋ ಅದು, ಗಿರಾಕಿ ಆರಿಸುವ ಮಾತೇ ಇಲ್ಲ ಅಂತ ಪದ್ಧತಿ ಹಾಕಿದರು. ಈಗ ಊರಿಗೊಂದು ಅಂಥ ಹೋಟೆಲ್ ಇದೆ.

ನಮ್ಮ ಸಮಿತಿಯಲ್ಲಿ ಒಬ್ಬರಿಗೆ ಬೀಟ್‌ರೂಟ್ ಆಗುವುದಿಲ್ಲ. ಅದರ ಬದಲು ಬದನೆಕಾಯಿದು ಏನಾದರೂ ಕೊಡಿ ಅಂದರು. ಬಡಿಸುವ ಹುಡುಗಿ ನಗುನಗುತ್ತಲೇ, ಬದನೆಕಾಯಿ ಮುಗಿದಿದೆ, ಇನ್ನು ಬೇಸಿಗೆಗೇ ಅಂದಳು. ಬದಲಿ ಏನೂ ಕೊಡಲಿಲ್ಲ. ಬಿಲ್ ಮಾತ್ರ ಪೂರ್ತಿ ಬಂತು. ಆಮೇಲೆ ಪಾರ್ಕಿಂಗ್ ಜಾಗದಲ್ಲಿ ಚಳಿಯಲ್ಲಿ ನಿಂತು ಅರ್ಧ ಗಂಟೆ ಇದೇ ಮಾತು. ಇಷ್ಟು ದುಡ್ಡು ಕೊಟ್ಟ ಮೇಲೂ ಇಲ್ಲ ಅಂತಾರಲ್ಲ, ಇದೆಂಥ ಹೋಟೆಲ್, ಅಂಗಡಿಗೆ ಹೋದರೆ ಡಾಲರಿಗೊಂದು ಬದನೆಕಾಯಿ ಸಿಗುತ್ತದೆ, ಇವರಿಗೇನು ಧಾಡಿ. ನಾನೂ ದನಿಗೂಡಿಸಿದೆ. ಸುಳ್ಳು ಯಾಕೆ ಹೇಳಲಿ.

ಜನವರಿಯಲ್ಲಿ ಊರಿಗೆ ಹೋದೆ. ಗವಿಮಠದ ತೇರು ಎಳೆದು ಕೆಲವು ದಿನ ಆಗಿತ್ತು, ದಾಸೋಹ ಇನ್ನೂ ನಡೆಯುತ್ತಿತ್ತು. ಗವಿಸಿದ್ಧೇಶ್ವರ ಜಾತ್ರೆ ನೋಡದವರಿಗೆ ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ರೊಟ್ಟಿ ಬರುತ್ತವೆ. ಸಾವಿರದ ಲೆಕ್ಕ ಅಲ್ಲ, ಲಕ್ಷದ ಲೆಕ್ಕ. ಒಂದೊಂದು ಓಣಿಯ ಹೆಂಗಸರು ವಾರಗಟ್ಟಲೆ ಕೂತು ಬಡಿದ ರೊಟ್ಟಿ, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೆರವಣಿಗೆ ಮಾಡಿಕೊಂಡು ತರುತ್ತಾರೆ. ಮಾದಲಿ ಅನ್ನೋ ಸಿಹಿ ಬರುತ್ತದೆ, ಕಾಳು ಬರುತ್ತವೆ, ತರಕಾರಿ ಬರುತ್ತದೆ. ಒಂದು ದಿನ ಮಿರ್ಚಿ ಬಜ್ಜಿ ಕೂಡ ಮಾಡುತ್ತಾರೆ, ಅದೂ ಲಕ್ಷದ ಲೆಕ್ಕದಲ್ಲೇ. ಆ ಮಿರ್ಚಿಯ ಬಾಣಲೆಗಳ ಸಾಲು ನೋಡಿದ ಮೇಲೆ ನಮ್ಮ ಯುಗಾದಿ ಊಟಕ್ಕೆ 200 ಜನ ಬರುತ್ತಾರೆ, ಹೇಗಪ್ಪಾ ನಿಭಾಯಿಸುವುದು ಅಂತ ನಾವು ಮೂರು ಮೀಟಿಂಗ್ ಮಾಡಿದ್ದು ನೆನಪಾಗಿ ನಾಚಿಕೆಯಾಯಿತು.

ಆದರೆ ನಾನು ಹೇಳಬೇಕಾಗಿರುವುದು ಸಣ್ಣ ಜಾಗದ ಮಾತು. ಊರಲ್ಲಿ ನಮ್ಮ ಮನೆ ಈಗ ಬಾಡಿಗೆಗೆ ಕೊಟ್ಟಿದ್ದೇವೆ. ಉಳಿದುಕೊಂಡಿದ್ದು ಅಣ್ಣನ ಮನೆಯಲ್ಲಿ, ಅವರಿಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಮಧ್ಯಾಹ್ನ ನಾನು ಒಂದು ಖಾನಾವಳಿಗೆ ಹೋಗುತ್ತಿದ್ದೆ. ಹೆಸರು ಬರೆಯುವುದಿಲ್ಲ, ಬರೆದರೆ ಮುಂದಿನ ಸಲ ನನಗೆ ಜಾಗ ಸಿಗುವುದಿಲ್ಲ. ಮನೆಯ ಮುಂದಿನ ಪಡಸಾಲೆಯೇ ಹೋಟೆಲ್. ನಾಲ್ಕು ಟೇಬಲ್, ಒಂದು ತಗಡಿನ ನೀರಿನ ಡ್ರಮ್. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಕರಿ ಹಲಗೆ ಇಲ್ಲ, ಮೆನು ಇಲ್ಲ. ಒಳಗೆ ಕಾಲಿಟ್ಟವರು ಕೇಳುವುದು ಒಂದೇ ಮಾತು: ಏನೈತ್ರೀ ಇವತ್ತ?

ಅದನ್ನು ನಡೆಸುವ ಯಜಮಾನಿಗೆ ಅರವತ್ತರ ಹತ್ತಿರ ಇರಬಹುದು. ಮೊದಲನೇ ದಿನ ನಾನು ಕೂತವನೇ, ವರ್ಷಗಟ್ಟಲೆ ಆಸೆ ಇಟ್ಟುಕೊಂಡು ಬಂದವನ ದನಿಯಲ್ಲಿ, ಕಡ್ಲಿಪಲ್ಲೆ ಐತೇನ್ರೀ ಅಂತ ಕೇಳಿದೆ.

"ಹಸೀದು ಮುಗೀತ್ರಿ, ಹೂ ಬಿಟ್ಟೈತಿ" ಅಂದರು.

ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಡ್ಲಿಪಲ್ಲೆ ಅಂದರೆ ಕಡಲೆ ಗಿಡದ ಎಳೆ ಕುಡಿ. ಯಲಬುರ್ಗಾ, ಕುಕನೂರು ಕಡೆ ಕಪ್ಪು ನೆಲದಲ್ಲಿ ಮುಂಗಾರು ಮುಗಿಯುವ ಹೊತ್ತಿಗೆ, ಅಕ್ಟೋಬರ್ ಸುಮಾರಿಗೆ ಕಡಲೆ ಬಿತ್ತುತ್ತಾರೆ. ಗಿಡ ಒಂದು ಗೇಣು ಆಗುವಾಗ ಕುಡಿ ಚಿವುಟಬೇಕು. ಚಿವುಟಿದರೆ ಪಕ್ಕದಲ್ಲಿ ರೆಂಬೆ ಒಡೆದು ಗಿಡ ಹರಡಿಕೊಳ್ಳುತ್ತದೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಅಂದರೆ ಆ ಪಲ್ಲೆಯನ್ನು ಯಾರೂ ಊಟಕ್ಕೆ ಅಂತ ಬೆಳೆಯುವುದಿಲ್ಲ. ಹೊಲದ ಒಂದು ಕೆಲಸ ಮಾಡುವಾಗ ಉಡಿಯಲ್ಲಿ ಬಂದು ಬೀಳುವ ಪಲ್ಲೆ ಅದು. ಆ ಕೆಲಸಕ್ಕೆ ಇರುವುದು ಕೆಲವೇ ವಾರ. ಹೂ ಬಿಟ್ಟ ಮೇಲೆ ಗಿಡ ಮುಟ್ಟಿದರೆ ಕಾಯಿಗೆ ನಷ್ಟ. ಅದಕ್ಕೇ ಮುಗೀತ್ರಿ.

ಅದರ ಹುಳಿ ಬೇರೆ ಯಾವ ಸೊಪ್ಪಿಗೂ ಇಲ್ಲ. ಹುಳಿ ಎಲೆಯ ಒಳಗೆ ಮಾತ್ರ ಇರುವುದಿಲ್ಲ, ಎಲೆಯ ಮೇಲೂ ಇರುತ್ತದೆ. ಹಿಂದೆ ಬೆಳಗಿನ ಜಾವ ಇಬ್ಬನಿ ಬಿದ್ದ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ ತೆಗೆದು, ಹಿಂಡಿ, ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಎರಡು ಹನಿ. ಹೊಲದಲ್ಲಿ ಕುಡಿ ಚಿವುಟಿ ಬಂದ ನಮ್ಮ ಅಜ್ಜಿಯ ಬೆರಳುಗಳು ಸುಟ್ಟ ಹಾಗೆ ಆಗಿರುತ್ತಿದ್ದವು. ಸಂಜೆ ಅದೇ ಕೈಯಲ್ಲಿ ಪಲ್ಲೆಗೆ ಹಸಿಮೆಣಸಿನಕಾಯಿ ಕುಟ್ಟಿ ಹಾಕುತ್ತಿದ್ದರು. ಆ ಉರಿ ಹೇಗಿರುತ್ತಿತ್ತೋ, ನಾನು ಯಾವತ್ತೂ ಕೇಳಲಿಲ್ಲ.

ಒಣಗಿಸಿದ್ದು ಐತಲ್ರೀ, ಅದನ್ನರ ಹಾಕ್ರಿ ಅಂದೆ. ಯಜಮಾನಿ ನನ್ನ ಕಡೆ ನೋಡಿದರು, ಇವನ್ಯಾರಪ್ಪ ಅನ್ನೋ ಹಾಗೆ. "ಅದು ಮಳಿಗಾಲಕ್ಕ. ಈಗ ಹೊಲದಾಗ ಇಷ್ಟೆಲ್ಲಾ ಐತಿ, ಈಗ್ಯಾಕ್ ಒಣಾದು?"

ತಟ್ಟೆ ಬಂತು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಎಣ್ಣೆಗಾಯಿ, ಜವಾರಿ ಸಣ್ಣ ಬದನೆಕಾಯಿದು. ಹೆಸರುಕಾಳು. ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಕೆಂಪುಖಾರ. ತಟ್ಟೆಯ ಅಂಚಿಗೆ ಬೇರು ಸಮೇತ ತೊಳೆದಿಟ್ಟ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಒಂದು ಗಜ್ಜರಿ, ಅಂದರೆ ಕ್ಯಾರೆಟ್. ನೀವು ಗಮನಿಸಿದಿರೋ ಇಲ್ಲವೋ, ಕೊಪ್ಪಳದಲ್ಲಿ ಜನವರಿಯಲ್ಲಿ ಬದನೆಕಾಯಿ ಇತ್ತು. ಸ್ಯಾನ್ ಹೋಸೆಯಲ್ಲಿ ಕೇಳಿದರೂ ಸಿಗದಿದ್ದದ್ದು ಇಲ್ಲಿ ಕೇಳದೆ ಬಂತು, ಇಲ್ಲಿ ಕೇಳಿದ್ದು ಬರಲಿಲ್ಲ.

ಮತ್ತೆ ನನಗೆ ಸಿಟ್ಟು ಯಾಕೆ ಬರಲಿಲ್ಲ? ಅಲ್ಲೂ ಇಲ್ಲ ಅಂದರು, ಇಲ್ಲೂ ಇಲ್ಲ ಅಂದರು. ಅಲ್ಲಿ ಪಾರ್ಕಿಂಗಿನಲ್ಲಿ ನಿಂತು ಬೈದವನು ಇಲ್ಲಿ ತಲೆ ಬಗ್ಗಿಸಿ ಐದು ರೊಟ್ಟಿ ತಿಂದೆ. ಎರಡನೇ ರೊಟ್ಟಿ ಹೊತ್ತಿಗೆ ಇದು ಹೊಳೆಯಿತು, ಆದರೆ ಉತ್ತರ ಸಿಕ್ಕಿದ್ದು ಮೂರನೇ ದಿನ.

ಅದಕ್ಕೆ ಮೊದಲು ರೊಟ್ಟಿಯ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮಲ್ಲಿ ಬಹಳ ಜನ ನನ್ನ ಹತ್ತಿರ ಗೋಳು ತೋಡಿಕೊಂಡಿದ್ದೀರಿ, ಇಲ್ಲಿ ರೊಟ್ಟಿ ಬಡಿದರೆ ಸೀಳುತ್ತದೆ ಅಂತ. ಜೋಳದಲ್ಲಿ ಗೋಧಿಯ ಹಾಗೆ ಗ್ಲೂಟೆನ್ ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟು ಅಂಟು ಬಿಡುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಯಜಮಾನಿ ವಾರಕ್ಕೆ ಎರಡು ಸಲ ಗಿರಣಿಗೆ ಕಳಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹಿಟ್ಟು ಬೀಸಿ ಎಷ್ಟು ತಿಂಗಳಾಗಿರುತ್ತದೋ, ಹಡಗಿನಲ್ಲೇ ಎಷ್ಟು ದಿನ ಇತ್ತೋ. ತಪ್ಪು ನಿಮ್ಮ ಕೈಯದಲ್ಲ. ಕಾಳು ತಂದು ಮನೆಯಲ್ಲೇ ಬೀಸಿ ನೋಡಿ.

ಆ ಖಾನಾವಳಿಯಲ್ಲಿ ಎಲ್ಲವೂ ಅದೇ ನೆಲದ್ದು ಅಂತ ಹೇಳಿದರೆ ಸುಳ್ಳಾಗುತ್ತದೆ. ಎಣ್ಣೆ ಪ್ಯಾಕೆಟ್ಟಿನದು. ಮೊದಲು ಗಾಣದ ಕುಸುಬಿ ಎಣ್ಣೆ ಇತ್ತಂತೆ, ಈಗ ಕುಸುಬಿ ಬಿತ್ತುವವರೇ ಕಡಿಮೆ. ಟೊಮೆಟೊ ಎಲ್ಲಿಂದ ಬರುತ್ತದೋ ಅವರಿಗೇ ಗೊತ್ತಿಲ್ಲ, ಲಾರಿ ಮೇಲೆ ಬರುತ್ತದೆ. ಅನ್ನ ಗಂಗಾವತಿಯ ಸೋನಾ ಮಸೂರಿ. ಅದು ಹತ್ತಿರದ್ದೇ, ಸರಿ, ಆದರೆ ಅದೂ ನಿನ್ನೆ ಮೊನ್ನೆ ಬಂದದ್ದು. ತುಂಗಭದ್ರಾ ಅಣೆಕಟ್ಟು ಕಟ್ಟಲು ಶುರುಮಾಡಿದ್ದು 1945ರಲ್ಲಿ, ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಅಲ್ಲಿಂದ ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲಾ ಭತ್ತದ ಗದ್ದೆ ಆಯಿತು. ನಮ್ಮ ಅಜ್ಜನ ಕಾಲಕ್ಕೆ ಅನ್ನ ಅಂದರೆ ಹಬ್ಬದ ಅಡುಗೆ. ಒಂದೇ ಜಿಲ್ಲೆಯಲ್ಲಿ ಕಾಲುವೆ ಬದಿಯವರು ಅನ್ನ ಬೆಳೆದರು, ಯಲಬುರ್ಗಾ ಕುಷ್ಟಗಿಯವರು ಮಳೆ ನೋಡುತ್ತಾ ಜೋಳ, ಸಜ್ಜೆ, ಕಡಲೆಯಲ್ಲೇ ಉಳಿದರು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ಕಡೆಯವರ ಎದೆ ಒಡೆದಿತ್ತು. ಕುಷ್ಟಗಿಯ ನಮ್ಮ ಸಂಬಂಧಿಕರೊಬ್ಬರು ಮಾತ್ರ, ನಮಗೇನಪ್ಪಾ, ನಮ್ ಗೇಟ್ ಮ್ಯಾಲೈತಿ ಅಂತ ಆಕಾಶ ತೋರಿಸಿದ್ದರು.

ಇನ್ನೊಂದು. ಪೇಟೆ ಹತ್ತಿರದ ಹೊಲದ ಸೊಪ್ಪನ್ನು ಅವರು ಮೂರು ನೀರಲ್ಲಿ ತೊಳೆಯುತ್ತಿದ್ದರು. ಕಾರ್ಖಾನೆ ಧೂಳು. ಬಿಳಿ ಪಾತ್ರೆಯ ತಳದಲ್ಲಿ ಕಪ್ಪಗೆ ಕೂತಿದ್ದನ್ನು ಕರೆದು ತೋರಿಸಿದರು. ಹತ್ತಿರದ್ದು ಅಂದ ಮಾತ್ರಕ್ಕೆ ಚೊಕ್ಕ ಅಂತ ಅಲ್ಲ.

ಮೂರನೇ ದಿನ ಸೀತನಿ ಬಂದಿತ್ತು. ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ, ಕಾಳು ಉದುರಿಸಿ, ಹಿಂಡಿ ಮತ್ತು ಬೆಲ್ಲದ ಜೊತೆ ಮುಂದಿಟ್ಟರು. ಅದೂ ಎಲ್ಲರಿಗೂ ಇಲ್ಲ, ಅವರ ತಮ್ಮ ಹೊಲದಿಂದ ಒಂದು ಚೀಲ ತಂದಿದ್ದ, ಅಷ್ಟೇ. ಸೀತನಿ ತಿನ್ನುವಾಗ ಮಾತಾಡಬಾರದು, ಆರಿದರೆ ರುಚಿ ಹೋಗುತ್ತದೆ. ಮುಖಕ್ಕೆಲ್ಲಾ ಬೂದಿ ಬಳಿದುಕೊಂಡು ತಿಂದೆ. ಕೈ ತೊಳೆಯಲು ಎದ್ದಾಗ ಯಜಮಾನಿ ಕೇಳಿದರು, ತುಂಬಾ ಸಹಜವಾಗಿ, ಪಕ್ಕದ ಊರಿನವರನ್ನು ಕೇಳುವ ಹಾಗೆ: "ನಿಮ್ಮೂರಾಗ ಈಗ ಏನ್ ಬಂದೈತ್ರೀ?"

ಅವರು ಕೇಳಿದ್ದು ಸ್ಯಾನ್ ಹೋಸೆಯನ್ನು. ನಾನು ಅಲ್ಲಿ 14 ವರ್ಷದಿಂದ ಇದ್ದೇನೆ. ಬಾಯಿ ತೆಗೆದೆ, ಏನೂ ಬರಲಿಲ್ಲ. ಎಲ್ಲಾ ಯಾವಾಗಲೂ ಸಿಗತ್ತರಿ ಅಂದೆ. "ಹಂಗಂದ್ರ?" ಅಂದರು. ನಿಜವಾಗಿ ಅವರಿಗೆ ಅರ್ಥವಾಗಿರಲಿಲ್ಲ. ಯಜಮಾನಿ ಇಲ್ಲ ಅಂದಾಗ ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಹೂ ಬಿಟ್ಟ ಕಡಲೆ ಹೊಲ ನನಗೆ ಗೊತ್ತು, ಕಣ್ಣ ಮುಂದೆ ಬಂತು. ಆ ಹುಡುಗಿ ಬದನೆಕಾಯಿ ಇಲ್ಲ ಅಂದಾಗ ನನ್ನ ಕಣ್ಣ ಮುಂದೆ ಏನೂ ಬರಲಿಲ್ಲ. ಅಲ್ಲಿನ ಹೊಲ ನಾನು ನೋಡೇ ಇಲ್ಲ.

ವಾಪಸ್ ಬಂದ ಮೊದಲ ಭಾನುವಾರ, ನಿದ್ದೆಗೆಟ್ಟ ಕಣ್ಣಲ್ಲೇ ರೈತರ ಮಾರುಕಟ್ಟೆಗೆ ಹೋದೆ. ಸಂತೆ ಅಂತಲೇ ಅನ್ನಿ. ಕಿತ್ತಳೆ, ನಿಂಬೆ ರಾಶಿ. ಎಳೆ ಬೆಳ್ಳುಳ್ಳಿ, ಗಡ್ಡೆ ಕಟ್ಟುವ ಮುಂಚಿನದು, ತಪ್ಪಲು ಸಮೇತ. ಸಾಸಿವೆ ಸೊಪ್ಪು, ಹೂ ಮೊಗ್ಗಿನ ಜೊತೆ. ಗಜ್ಜರಿ. ಆಮೇಲೆ ಮೆಕ್ಸಿಕನ್ ಅಂಗಡಿಗೆ ಹೊಕ್ಕೆ. ವೆರ್ಡೊಲಾಗಾಸ್ ಅಂತ ಬರೆದಿದ್ದ ಕಟ್ಟು ಎತ್ತಿ ನೋಡಿದರೆ ನಮ್ಮ ಗೋಳಿ ಪಲ್ಲೆ! ಪಕ್ಕದಲ್ಲಿ ಚೀಲದ ತುಂಬಾ ಹಮಾಯಿಕಾ, ಅವರು ಕೆಂಪು ಶರಬತ್ತು ಮಾಡುವ ಒಣಹೂವು, ನಮ್ಮ ಪುಂಡಿಯ ಜಾತಿಯದೇ. ಕುಣಿದುಬಿಟ್ಟೆ. ಆಮೇಲೆ ಲೇಬಲ್ ನೋಡಿದರೆ ಗೋಳಿ ಮೆಕ್ಸಿಕೋದಿಂದ ಬಂದಿತ್ತು. ಇಲ್ಲಿ ಅದು ಬರುವುದು ಬೇಸಿಗೆಗೆ, ಅದೂ ಕಳೆಯಾಗಿ. ಪ್ರತಿ ಜುಲೈನಲ್ಲಿ ನಮ್ಮ ಹಿತ್ತಲಿನ ಇಟ್ಟಿಗೆ ಸಂದಿಯಿಂದ ಅದನ್ನು ಕೀಳಿಸಲು ದುಡ್ಡು ಕೊಡುತ್ತಿದ್ದೇನೆ.

ಹಾಗಾಗಿ ಯುಗಾದಿ ಊಟದ ಬಗ್ಗೆ ಸಮಿತಿಯಲ್ಲಿ ಮಾತಾಡಿ ಒಪ್ಪಿಸಿದ್ದೇನೆ. ಜೋಳದ ಕಾಳು ತಂದು ಇಬ್ಬರ ಮನೆಯಲ್ಲಿ ಬೀಸಿ ರೊಟ್ಟಿ. ಸಾಸಿವೆ ಸೊಪ್ಪಿನ ಪಲ್ಲೆ. ಎಳೆ ಬೆಳ್ಳುಳ್ಳಿ ಚಟ್ನಿ. ಹಸಿ ಗಜ್ಜರಿ, ಮೂಲಂಗಿ, ಕಿತ್ತಳೆ. ಶೇಂಗಾ ಹಿಂಡಿ ಮಾತ್ರ ಊರಿನದು, ಯಜಮಾನಿ ಕಟ್ಟಿಕೊಟ್ಟ ಎರಡು ಕಿಲೋ ಇದೆ, ನಾನು ಇನ್ನೂ ಮುಟ್ಟಿಲ್ಲ ಅಂತ ನಂಬಿ. ಬೇವಿನ ಹೂವಿಗೆ ಏನೂ ದಾರಿ ಕಾಣಲಿಲ್ಲ, ಒಣಗಿದ್ದೇ ಗತಿ.

ಎಣ್ಣೆಗಾಯಿ ಯಾಕಿಲ್ಲ ಅಂತ ಈಗಾಗಲೇ ಮೂರು ಮೆಸೇಜ್ ಬಂದಿವೆ. ಆಗಸ್ಟ್ ಪಿಕ್ನಿಕ್ಕಿಗೆ ಮಾಡೋಣ, ಅಲ್ಲಿಯವರೆಗೆ ಬದನೆಕಾಯಿ ಇಲ್ಲ. ಹಿಂದಿನ ದಿನ ಪಲ್ಲೆ ಸೋಸಲು ಹತ್ತು ಜನ ಬೇಕು. ಬೀಟ್‌ರೂಟ್ ಬೇಡ ಅಂದವರ ಹೆಸರು ಮೊದಲು ಬರೆದಿದ್ದೇನೆ, ಅದರ ಕೆಳಗೆ ನನ್ನದು.